ಗಿವ್‌ಅವೇ ಜಾಹೀರಾತು (ಸಾಮಾಜಿಕ ಜಾಲತಾಣ)
ಲೈಕ್, ಕಮೆಂಟ್, ಫಾಲೋ ಮಾಡಿದವರಲ್ಲಿ ಕೆಲವರಿಗೆ ಬಹುಮಾನ ಕೊಡುವುದಾಗಿ ಸಾರುವ ಪ್ರಚಾರ. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ, ಕೊಡುವ ಉದ್ದೇಶವೇ ಇಲ್ಲದೆ ಬಹುಮಾನ ಘೋಷಿಸುವುದೂ ಉಚಿತ ಬಹುಮಾನ ಯೋಜನೆಯ ಅಂತಿಮ ಫಲಿತಾಂಶವನ್ನು ಮುಚ್ಚಿಡುವುದೂ ಅನುಚಿತ ವ್ಯಾಪಾರ ಪದ್ಧತಿ. ಜಾಹೀರಾತು ಬಂದ ಪತ್ರಿಕೆಯಲ್ಲೇ ಫಲಿತಾಂಶ ಎದ್ದುಕಾಣುವಂತೆ ಪ್ರಕಟಿಸಿದರೆ ಸಾಕು ಎನ್ನುತ್ತದೆ ಅದರ ವಿವರಣೆ. ಇನ್‌ಸ್ಟಾಗ್ರಾಮ್ ಕಾಲದಲ್ಲೂ ಕಾನೂನಿನ ಕಣ್ಣು ಪತ್ರಿಕೆಯ ಮೇಲೇ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಸಲ 10 ಲಕ್ಷ ರೂ. ವರೆಗೆ ದಂಡ ಹಾಕಬಹುದು. ಜಾಹೀರಾತು ಮಾನದಂಡ ಮಂಡಳಿಯ (ಆಸ್ಕಿ) ಸ್ವನಿಯಂತ್ರಣ ಸಂಹಿತೆ ಇನ್ನೂ ನೇರ: ಮುಖ್ಯ ಷರತ್ತುಗಳೆಲ್ಲ ಸ್ಪಷ್ಟವಾಗಿರಬೇಕು, ತೀರ್ಪಿನ ವ್ಯವಸ್ಥೆ ಇರಬೇಕು, ಬಹುಮಾನ ಸಕಾಲದಲ್ಲಿ ತಲುಪಬೇಕು. ಪ್ರಚಾರಕರು ಹಣ ಅಥವಾ ಉಚಿತ ವಸ್ತು ಪಡೆದಿದ್ದರೆ ಅದನ್ನೂ ಹೇಳಬೇಕು. ‘ಗೆಳೆಯರನ್ನು ಟ್ಯಾಗ್ ಮಾಡಿ, ಗೆಲ್ಲಿ’ ಎಂಬ ಷರತ್ತು ಎಲ್ಲೆಡೆ ಕಂಡರೂ ಫೇಸ್‌ಬುಕ್ ನಿಯಮ ಅದನ್ನು ಒಪ್ಪುವುದಿಲ್ಲ.
ಹಣ ಪಡೆದು ಚೀಟಿ ಎತ್ತಿದರೆ ಅದು ಲಾಟರಿಯಾಗುತ್ತದೆ. ಬುದ್ಧಿಯ ಸ್ಪರ್ಧೆಗೂ ಅದೃಷ್ಟದ ಆಟಕ್ಕೂ ನಡುವೆ ಗೆರೆ ಎಳೆದ ಪ್ರಕರಣದ ಬೇರು ಬೆಂಗಳೂರಿನಲ್ಲಿದೆ. ಇಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಪದಬಂಧ ಸ್ಪರ್ಧೆಗೆ ಮುಂಬಯಿ ರಾಜ್ಯ ತೆರಿಗೆ ಹಾಕಿತು. ಬುದ್ಧಿಗಿಂತ ಅದೃಷ್ಟವೇ ಮೇಲಾದ ಈ ಸ್ಪರ್ಧೆ ಜೂಜು, ಪತ್ರಿಕೆ ಹೊರರಾಜ್ಯದ್ದಾದರೂ ತೆರಿಗೆ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪಿತ್ತಿತು. ಅದೇ ತರ್ಕದಂತೆ, ವಿಜಯವಾಡದ ಭವಾನಿಪುರಂನ ಸೀರೆ ಅಂಗಡಿಯೊಂದು ಬಳ್ಳಾರಿಯ ಗಿರಾಕಿಗಳಿಂದ ಹಣ ಪಡೆದು ಚೀಟಿ ಎತ್ತುವುದಾದರೆ, ಅಂಗಡಿ ಆಂಧ್ರದಲ್ಲಿದೆ ಎಂಬ ಒಂದೇ ನೆಪ ಸಾಲದು.