ದಹನಸಂಸ್ಕಾರ ಮತ್ತು ಜೀವದಯೆ

ರಾಜಧಾನಿ ತಲಕಾಡಿಗೆ ಸಾಗಿದ ಮೇಲೂ ಗಂಗ ಅರಸರು ಕುವಳಾಲಪುರದ ಒಡೆಯರೆಂಬ ಬಿರುದನ್ನು ಬಿಡಲಿಲ್ಲ. ಆ ಕುವಳಾಲವೇ ಇಂದಿನ ಕೋಲಾರ. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ದೊರೆತ ತಾಮ್ರಶಾಸನಗಳು ಗಂಗರ ಮಾಧವ ಮತ್ತು ಅವಿನೀತರು ಜಿನಾಲಯಗಳಿಗೆ ನೀಡಿದ ದತ್ತಿಗಳನ್ನು ತಿಳಿಸುತ್ತವೆ. ಅದೇ ವಂಶದ ಮಾರಸಿಂಹನು 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡನು. ಅವನ ಸ್ಮರಣೆ ಉಳಿದಿರುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸ್ತಂಭಶಾಸನದಲ್ಲಿ. ಅಲ್ಲಿನ ನಿಷಿಧಿಗಲ್ಲುಗಳೂ ಸಾರುವುದು ವ್ರತವನ್ನು, ಅಸ್ಥಿಯನ್ನಲ್ಲ. ಆತ್ಮ ತೊರೆದ ದೇಹಕ್ಕೆ ಶ್ರಾವಕನು ಸಲ್ಲಿಸಬೇಕಾದುದು ಪೂಜೆಯಲ್ಲ, ಎಚ್ಚರಿಕೆ.

ಈ ಎಚ್ಚರಿಕೆಗೆ ಆಗಮದ ಆಧಾರವಿದೆ. ಗರ್ಭವಿಲ್ಲದೆ ಹುಟ್ಟುವ ಸಮ್ಮೂರ್ಛಿಮ ಮನುಷ್ಯಜೀವಗಳ ಉತ್ಪತ್ತಿಸ್ಥಾನಗಳಲ್ಲಿ ಶವವೂ ಒಂದೆಂದು ಶ್ವೇತಾಂಬರ ಆಗಮವಾದ ಪ್ರಜ್ಞಾಪನಾ ಹೇಳುತ್ತದೆ. ಒಂದು ಮುಹೂರ್ತವೆಂದರೆ 48 ನಿಮಿಷ. ಅದರೊಳಗಿನ ಅವಧಿ ಅಂತರ್ಮುಹೂರ್ತ. ಅಷ್ಟರಲ್ಲಿಯೇ ಜೀವೋತ್ಪತ್ತಿಯಾಗುವುದೆಂಬ ನಂಬಿಕೆಯಿಂದ ಶೀಘ್ರ ದಹನದ ಪದ್ಧತಿ ಬೆಳೆಯಿತು.

ಜೀವವಿಜ್ಞಾನದ ದೃಷ್ಟಿಯಲ್ಲಿಯೂ ಶವವು ನಿರ್ಜೀವ ವಸ್ತುವಲ್ಲ. ಆಮ್ಲಜನಕ ನಿಂತೊಡನೆ ಜೀವಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳು ತಡೆಯಿಲ್ಲದೆ ವೃದ್ಧಿಸುತ್ತವೆ. ಶೀತಪೆಟ್ಟಿಗೆ ಇದನ್ನು ನಿಧಾನಗೊಳಿಸೀತು, ನಿಲ್ಲಿಸಲಾರದು. ಆಗಮೋಕ್ತ ಜೀವಗಳೇ ಬ್ಯಾಕ್ಟೀರಿಯಾ ಎಂದು ಸಮೀಕರಿಸುವುದು ಸಲ್ಲದು. ಆದರೆ ವಿಳಂಬದಿಂದ ಜೀವರಾಶಿ ಹೆಚ್ಚುವುದೆಂಬಲ್ಲಿ ಎರಡೂ ಒಂದಾಗುತ್ತವೆ.

ಇನ್ನು ಅಗ್ನಿಯ ಕಾರ್ಯ. ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಮೊದಲು ಅದು ಆವಿಯಾಗಬೇಕು. ಹಸಿ ಕಟ್ಟಿಗೆಯ ಚಿತೆ ಹೊಗೆಯಾಡುವುದು ಎರಡು ನೀರನ್ನು ಒಟ್ಟಿಗೆ ಆರಿಸಬೇಕಾಗಿರುವುದರಿಂದ. ಬಳಿಕ ಕೊಬ್ಬು ತಾನೇ ಇಂಧನವಾಗುತ್ತದೆ. ಮಾಂಸಖಂಡದ ಇಂಗಾಲ, ಜಲಜನಕಗಳು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಗಾಳಿ ಸೇರುತ್ತವೆ. ಎಲುಬಿನ ಕ್ಯಾಲ್ಸಿಯಂ ಫಾಸ್ಫೇಟ್ ಮಾತ್ರ ಉರಿಯದು. ಅರೆಬೆಂದ ಎಲುಬು ಕಪ್ಪು. 700 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದದ್ದು ಬಿಳುಪು. ವಯಸ್ಕರಲ್ಲಿ ಉಳಿಯುವ ಅಸ್ಥಿ ಸಾಮಾನ್ಯವಾಗಿ 2ರಿಂದ 3 ಕಿಲೋಗ್ರಾಂ. ಅಷ್ಟಕ್ಕಾಗಿ ತೆರೆದ ಚಿತೆ 400 ಕಿಲೋಗ್ರಾಮಿಗೂ ಮಿಕ್ಕಿದ ಕಟ್ಟಿಗೆಯನ್ನು ಬೇಡುತ್ತದೆ. ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ.

ಹೂಳುವುದೇ ರೂಢಿಯಾಗಿದ್ದ ಯೂರೋಪಿನಲ್ಲಿ 1870ರಲ್ಲಿ ಫ್ಲಾರೆನ್ಸಿನಲ್ಲಿ ತೀರಿಕೊಂಡ ಕೊಲ್ಹಾಪುರದ ರಾಜಾರಾಮ ಮಹಾರಾಜರ ದೇಹವನ್ನು ಆರ್ನೋ ನದಿಯ ದಂಡೆಯಲ್ಲಿ ಚಿತೆಯಲ್ಲಿ ದಹಿಸಲಾಯಿತು. ಮೂರು ವರ್ಷಗಳಲ್ಲಿ, 1873ರ ವಿಯೆನ್ನಾ ಪ್ರದರ್ಶನದಲ್ಲಿ, ಇಟಲಿಯ ಬ್ರುನೆಟ್ಟಿ ತಮ್ಮ ದಹನಕುಲುಮೆಯನ್ನು ತೋರಿಸಿದರು. 1876ರಲ್ಲಿ ಮಿಲಾನಿನಲ್ಲಿ ದಹನಾಗಾರ ಆರಂಭವಾಯಿತು. ಇಂದಿನ ವಿದ್ಯುತ್ ಚಿತಾಗಾರ ಆ ಪರಂಪರೆಯದು.

ಇಲ್ಲಿಯೇ ಧರ್ಮಸಂಕಟವಿರುವುದು. ಶೀಘ್ರ ದಹನ ದಯೆಯೆಂದಾದರೆ, ರಾತ್ರಿಯ ಚಿತೆ ಪತಂಗಗಳನ್ನು ಸೆಳೆದು ಸುಡುತ್ತದೆ. ಹಳೆಯ ಕಟ್ಟಿಗೆಯಲ್ಲಿ ಗೆದ್ದಲು, ಇರುವೆಗಳಿರುತ್ತವೆ. ಬೆಂಕಿ, ಗಾಳಿ, ನೀರುಗಳೂ ಜೀವಕಾಯಗಳೇ. ಹಿಂಸೆಯಿಲ್ಲದ ದಹನವಿಲ್ಲ, ಅಲ್ಪಹಿಂಸೆಯ ದಹನವುಂಟು. ವೈದ್ಯರು ಮರಣವನ್ನು ದೃಢಪಡಿಸಿದ ಮೇಲೆ ಆಡಂಬರಕ್ಕಾಗಿಯೋ ದೂರದ ಬಂಧುಗಳಿಗಾಗಿಯೋ ದಿನಗಟ್ಟಲೆ ಕಾಯದಿರುವುದು, ರಾತ್ರಿಯಾದರೆ ಬೆಳಗನ್ನು ನಿರೀಕ್ಷಿಸುವುದು, ಒಣಗಿದ ಕಟ್ಟಿಗೆಯನ್ನು ಕೊಡವಿ ನೋಡಿ ಬಳಸುವುದು, ಮುಚ್ಚಿದ ಕುಲುಮೆ ದೊರೆಯುವಲ್ಲಿ ಅದನ್ನು ಹೀನವೆಂದು ಭಾವಿಸದಿರುವುದು ವಿವೇಕದ ಮಾರ್ಗ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಇನ್ನೊಂದು ಮಾತೂ ಸಲ್ಲುತ್ತದೆ. ಇದು ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಸೀಮೆ. ಕಟ್ಟಿಗೆಯ ಬೂದಿ ಕ್ಷಾರಗುಣವುಳ್ಳದ್ದು. ಬೇಸಗೆಯಲ್ಲಿ ಕುಗ್ಗಿದ ಕೆರೆಗೆ ಅದನ್ನು ಸುರಿದರೆ ಜಲಜೀವಿಗಳಿಗೆ ಅಪಾಯ. ಬಸದಿಯ ಆಡಳಿತದವರು ಶ್ಮಶಾನದ ಬಳಿ ಒಂದು ಮೂಲೆಯನ್ನು ಮೀಸಲಿಟ್ಟು, ಆರಿದ ಬೂದಿಯನ್ನು ಒಣನೆಲಕ್ಕೆ ಸೇರಿಸುವ ವ್ಯವಸ್ಥೆ ಮಾಡಿದರೆ ಆ ಹಿಂಸೆ ತಪ್ಪುತ್ತದೆ. ಬದುಕಿನುದ್ದಕ್ಕೂ ನೀರನ್ನು ಸೋಸಿ ಕುಡಿದ ಶ್ರಾವಕನ ಬೂದಿ ಕಡೆಗೆ ಕೆರೆಯ ಜೀವಗಳಿಗೆ ಮೃತ್ಯುವಾಗಬಾರದು.