ಚಿತ್ರಕ್ಕೆ ಸಿಗದ ಹುಲಿಯ ಲೆಕ್ಕ

ಡಿಸೆಂಬರಿನ ಬೆಳಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟರೆ ಬಸ್ಸಿನ ಕಿಟಕಿಯ ಗಾಜು ಮಂಜಿನಿಂದ ಬೆಳ್ಳಗಾಗಿರುತ್ತದೆ. ಹೊರಗೆ ಗದ್ದೆ, ತೋಟ ಎಲ್ಲವೂ ಇರುತ್ತವೆ. ನಮಗೆ ಕಾಣುವುದಿಲ್ಲ, ಅಷ್ಟೆ. ಭದ್ರಾ ಕಾಡಿನ ಹುಲಿಯ ವಿಷಯದಲ್ಲಿ ನಾನು ಬಹಳ ವರ್ಷ ಇಷ್ಟು ಸಣ್ಣ ಸಂಗತಿಯನ್ನೇ ಮರೆತಿದ್ದೆ. “ಲಕ್ಕವಳ್ಳಿಗೆ ಎಷ್ಟು ಸಲ ಹೋದರೂ ಒಂದೂ ಕಂಡಿಲ್ಲ. ಅಲ್ಲಿ ಹುಲಿ ಎಲ್ಲಿದೆ ಮಾರಾಯ?” ಎಂದು ಗೆಳೆಯರೊಡನೆ ವಾದ ಮಾಡುತ್ತಿದ್ದೆ. ಕಾಣದ್ದನ್ನು ಎಣಿಸುವುದಕ್ಕೂ ಒಂದು ಇತಿಹಾಸವಿದೆ ಎಂದು ಆಮೇಲೆ ತಿಳಿಯಿತು.

1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದರ ಕುಲುಮೆ ಉರಿದದ್ದು ಸುತ್ತಲಿನ ಕಾಡಿನ ಮರದ ಇದ್ದಿಲಿನಿಂದ. ಆಗ ಕಾಡೆಂದರೆ ಟನ್ನುಗಳ ಲೆಕ್ಕ, ಹುಲಿಯೆಂದರೆ ಬೇಟೆಗಾರರ ಲೆಕ್ಕ. ಅದೇ ದಶಕದಲ್ಲಿ ಹಿಮಾಲಯದ ತಪ್ಪಲಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಬಂದೂಕು ಬದಿಗಿಟ್ಟು, ಪ್ರಾಣಿಗಳ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿದರು. ಹುಲಿಯ ಕಾಲು ತಂತಿಗೆ ತಾಗಿದೊಡನೆ ಬೆಳಕು ಭಗ್ಗೆಂದು ಹೊತ್ತಿ, ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿತ್ತು. 1927ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದವು.

ಆದರೆ ನಮ್ಮ ಹುಲಿ ಗಣತಿ ದಶಕಗಳ ಕಾಲ ನಂಬಿದ್ದು ಹೆಜ್ಜೆಗುರುತನ್ನು. ಒಂದೇ ಹುಲಿ ಕೆಸರಿನಲ್ಲಿ ಒಂದು ಬಗೆಯ, ಮರಳಿನಲ್ಲಿ ಇನ್ನೊಂದು ಬಗೆಯ ಹೆಜ್ಜೆ ಬಿಡುತ್ತದೆ. ಪಟ್ಟೆ ಹಾಗಲ್ಲ, ಒಂದರದ್ದು ಇನ್ನೊಂದಕ್ಕಿಲ್ಲ. ಶಿವರಾಮ ಕಾರಂತರ ಮಗ, ಎಂಜಿನಿಯರಿಂಗ್ ಓದಿ ಕಾಡಿಗೆ ಬಂದ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳ ಆಧಾರದ ಮೇಲೆ ಎಣಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಲೆಕ್ಕದ ಮೂಲ ಸರಳ. ಮೊದಲ ಸುತ್ತಿನಲ್ಲಿ 10 ಹುಲಿ ಸಿಕ್ಕವು, ಎರಡನೆಯದರಲ್ಲೂ 10. ಅವುಗಳಲ್ಲಿ 5 ಹಳೆಯವೇ. ಹಾಗಾದರೆ ಕಾಡಿನಲ್ಲಿ ಸುಮಾರು 20 ಇರಬೇಕು. ಸಿಕ್ಕವು ಸಿಗದವುಗಳ ಸುಳಿವು ಕೊಡುತ್ತವೆ. 2004ರಲ್ಲಿ ಹೊರಬಂದ ಅವರ ತಂಡದ 11 ತಾಣಗಳ ಅಧ್ಯಯನದಲ್ಲಿ ನಮ್ಮ ಭದ್ರಾವೂ ಇತ್ತು. ಮರುವರ್ಷ, ಗಣತಿಯ ಕಾಗದದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲವೆಂಬುದು ದೃಢವಾಯಿತು. ದೇಶ ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟಿತು.

ಈಗಿನ ಕ್ಯಾಮೆರಾಗಳಿಗೆ ತಂತಿ ಬೇಡ. ಸುತ್ತಲಿನದಕ್ಕಿಂತ ಬೇರೆಯಾದ ಮೈಶಾಖವೊಂದು ಎದುರು ಹಾದರೆ ಸಾಕು, ಎಚ್ಚರಗೊಳ್ಳುತ್ತವೆ. ಮಲೆನಾಡಿನ ಚಳಿ ಅವುಗಳಿಗೆ ಕೊಡುವ ಕಷ್ಟ ಲೆನ್ಸಿನ ಮೇಲಿನ ಇಬ್ಬನಿಯಷ್ಟೇ. ನಿಜವಾದ ಪರೀಕ್ಷೆ ಹಿಮಾಲಯದಲ್ಲಿ, ಹಿಮ ಚಿರತೆಯ ಬೆಟ್ಟಗಳಲ್ಲಿ. ಕೊರೆಯುವ ಚಳಿಯಲ್ಲಿ ಪ್ರಾಣಿಯ ಶಾಖ ಎದ್ದು ತೋರಬಹುದು, ಆದರೆ ಸೋಲುವುದು ಸೆಲ್ಲು. ಮಾಮೂಲಿ ಸೆಲ್ಲಿನೊಳಗಿರುವುದು ನೀರು ಬೆರೆತ ರಸಾಯನ. ಚಳಿಗೆ ಅದರ ಕ್ರಿಯೆ ನಿಧಾನವಾಗಿ ಶಕ್ತಿ ಕುಂದುತ್ತದೆ. ಆದ್ದರಿಂದ ಮೈನಸ್ 40 ಡಿಗ್ರಿಯವರೆಗೂ ತಾಳುವ ಲಿಥಿಯಂ ಸೆಲ್ಲು ಬೇಕು. ತಣ್ಣಗಿನ ಕ್ಯಾಮೆರಾವನ್ನು ಬೆಚ್ಚಗಿನ ಡೇರೆಯೊಳಗೆ ತಂದು ತಕ್ಷಣ ತೆರೆದರೆ ಒಳಗೆಲ್ಲ ನೀರು ಕೂರುತ್ತದೆ. ಚೀಲದಲ್ಲೇ ಇಟ್ಟು ಕಾಯಬೇಕು.

ಇಷ್ಟು ಜೋಪಾನ ಮಾಡಿದರೂ ಕೆಲವು ಕ್ಯಾಮೆರಾ ನಡುವೆಯೇ ನಿಂತುಹೋಗುತ್ತವೆ. ಆ ರಾತ್ರಿಗಳನ್ನು “ಪ್ರಾಣಿ ಬರಲಿಲ್ಲ” ಎಂದು ಬರೆಯುವಂತಿಲ್ಲ. ಕ್ಯಾಮೆರಾ ದುಡಿದ ರಾತ್ರಿಗಳಷ್ಟೇ ಲೆಕ್ಕಕ್ಕೆ. ಸತ್ತ ಸೆಲ್ಲಿನ ರಾತ್ರಿ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ.

ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಕೂಡ ಕೈಜೋಡಿಸಿದ ದೇಶದ ಮೊದಲ ಹಿಮ ಚಿರತೆ ಗಣತಿ 2019ರಿಂದ 2023ರವರೆಗೆ ನಡೆಯಿತು. 1,971 ಕಡೆ ಕ್ಯಾಮೆರಾ ಇಟ್ಟರು. ಚಿತ್ರದಲ್ಲಿ ಸಿಕ್ಕ ಬೇರೆಬೇರೆ ಚಿರತೆಗಳು 241. 2024ರ ಜನವರಿಯಲ್ಲಿ ಪ್ರಕಟವಾದ ಅಂದಾಜು 718.

ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚು. ಆದರೂ ಇದು ಊಹೆಯಲ್ಲ. ಎಷ್ಟು ಕಂಡಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡ ಲೆಕ್ಕ. ಸರಿಸ್ಕಾದಲ್ಲಿ ಇಲ್ಲದ ಹುಲಿ ಕಾಗದದಲ್ಲಿತ್ತು. ಭದ್ರಾದಲ್ಲಿ ಇದ್ದ ಹುಲಿಯನ್ನು ನಾನು ಮಾತಿನಲ್ಲಿ ಇಲ್ಲವಾಗಿಸಿದ್ದೆ. ಎರಡೂ ಒಂದೇ ತಪ್ಪು. ಕಾಡಿನ ನಡುವೆ ರಸ್ತೆ ಬೇಕೆನ್ನುವವರ ಬಾಯಲ್ಲಿ “ಅಲ್ಲೇನಿದೆ?” ಎಂಬ ಮಾತು ಸುಲಭವಾಗಿ ಬರುತ್ತದೆ. ಹಾಗಾಗಿ ಆ ಮಾತನ್ನು ನಾನು ಬಿಟ್ಟಿದ್ದೇನೆ.