ಶ್ರೀರಂಗಪಟ್ಟಣದಿಂದ ಬ್ಯಾಥರ್ಸ್ಟ್‌ಗೆ: ನಮ್ಮ ಬೇಸಿಗೆ ವಿಹಾರದ ಹಿಂದಿನ ಚರಿತ್ರೆ

ತವರಿನಲ್ಲಿ ಸಂಕ್ರಾಂತಿಯ ಚಳಿಯಿರುವಾಗ ಆಸ್ಟ್ರೇಲಿಯದಲ್ಲಿ ಬಿರುಬೇಸಿಗೆ. ಹತ್ತಾರು ಕನ್ನಡ ಕುಟುಂಬಗಳು ಪುಳಿಯೋಗರೆ, ಮೊಸರನ್ನದ ಡಬ್ಬಿಗಳೊಡನೆ ವಿಹಾರಕ್ಕೆ ಹೊರಡುವುದು ಈ ದಿನಗಳಲ್ಲಿಯೇ. ಸಿಡ್ನಿಯವರು ಬ್ಲೂ ಮೌಂಟನ್ಸ್ ಪರ್ವತಶ್ರೇಣಿಯ ವೆಂಟ್‌ವರ್ತ್ ಜಲಪಾತವನ್ನು ಕಂಡು, ಅದರಾಚೆಯ ಬ್ಯಾಥರ್ಸ್ಟ್ ಪಟ್ಟಣಕ್ಕೆ ಸಾಗುತ್ತಾರೆ. ಮೆಲ್ಬರ್ನಿನವರಿಗೆ ಬಲರಾಟ್ ಮತ್ತು ಲಾಲ್ ಲಾಲ್ ಜಲಪಾತ ಹತ್ತಿರ. ಮಳೆಗಾಲದ ಜೋಗವನ್ನು ಕಂಡವರಿಗೆ ಬೇಸಿಗೆಯ ಜಲಪಾತಯಾತ್ರೆ ಮೊದಮೊದಲು ವಿಚಿತ್ರವೆನಿಸುವುದು ಸಹಜ. ಈ ದಾರಿಗಳ ಚರಿತ್ರೆ ನಮ್ಮ ನಾಡಿಗೆ ಅಪರಿಚಿತವಲ್ಲವೆಂಬುದನ್ನು ಸಮ್ಮೇಳನದ ಪ್ರತಿನಿಧಿಗಳ ಮುಂದಿಡುವುದೇ ನನ್ನ ಉದ್ದೇಶ.

1813ರಲ್ಲಿ ಬ್ಲ್ಯಾಕ್ಸ್‌ಲೆಂಡ್, ಲಾಸನ್ ಮತ್ತು ವೆಂಟ್‌ವರ್ತ್ ಎಂಬ ಮೂವರು ಈ ಪರ್ವತಗಳ ಏಣಿನ ಮೇಲೆ ಪಶ್ಚಿಮಕ್ಕೆ ದಾರಿ ಕಂಡರು. ಮರುವರ್ಷದ ಜುಲೈಯಲ್ಲಿ ವಿಲಿಯಂ ಕಾಕ್ಸ್ ಕೆಲಸಕ್ಕೆ ತೊಡಗಿ, ಕೈದಿಗಳ ದುಡಿಮೆಯಿಂದ ಆರೇ ತಿಂಗಳಲ್ಲಿ 101 ಮೈಲಿಗಳ ರಸ್ತೆಯನ್ನು ಕಡಿಸಿದನು. ಅದೇ ರಸ್ತೆಯಲ್ಲಿ ಪ್ರಯಾಣ ಮಾಡಿದ ಗವರ್ನರ್ ಲ್ಯಾಕ್ಲನ್ ಮೆಕ್ವಾರಿಯು 1815ರ ಮೇ 7ರಂದು ಬ್ಯಾಥರ್ಸ್ಟ್ ಪಟ್ಟಣದ ಸ್ಥಾಪನೆಯನ್ನು ಸಾರಿದನು. ಖಂಡದ ಒಳನಾಡಿನಲ್ಲಿ ಐರೋಪ್ಯರ ಮೊದಲ ಪಟ್ಟಣವಿದು.

ಈ ಮೆಕ್ವಾರಿ ಯಾರು? ಸಿಡ್ನಿಯ ಬೀದಿ, ವಿಶ್ವವಿದ್ಯಾಲಯ, ಬ್ಯಾಂಕುಗಳ ಹೆಸರಿನಲ್ಲಿ ನಾವು ದಿನವೂ ಉಚ್ಚರಿಸುವ ಈತ ಟಿಪ್ಪು ಸುಲ್ತಾನನ ವಿರುದ್ಧ ಹೋರಾಡಿದ ಸೇನಾಧಿಕಾರಿ. ಕೊಡಗಿನ ಮಾರ್ಗವಾಗಿ ಮೈಸೂರಿನ ಮೇಲೆ ಬಂದ ಬೊಂಬಾಯಿ ಸೈನ್ಯದಲ್ಲಿದ್ದು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಯುದ್ಧದಲ್ಲಿ ಪಾಲ್ಗೊಂಡವನು. ಕಾವೇರಿಯ ದಡದಲ್ಲಿ ಒಂದು ರಾಜಧಾನಿಯ ಪತನವನ್ನು ಕಂಡವನೇ ಹದಿನಾರು ವರ್ಷಗಳ ಮೇಲೆ ಮತ್ತೊಂದು ನದಿಯ ದಡದಲ್ಲಿ ಧ್ವಜವೇರಿಸಿದನು. ಆ ನದಿಗೂ ಅವನದೇ ಹೆಸರು.

1836ರ ಜನವರಿಯಲ್ಲಿ, ನಮ್ಮ ವಿಹಾರದ ಕಾಲದಲ್ಲಿಯೇ, ಚಾರ್ಲ್ಸ್ ಡಾರ್ವಿನ್ ಈ ದಾರಿಯಲ್ಲಿ ಕುದುರೆಯೇರಿ ಬಂದನು. ಜನವರಿ 17ರಂದು ವೆದರ್‌ಬೋರ್ಡ್ ಎಂಬಲ್ಲಿನ ತಂಗುಮನೆಯಿಂದ ತೊರೆಯ ಗುಂಟ ನಡೆದು ಜಲಪಾತದ ಪ್ರಪಾತವನ್ನು ಕಂಡು ಬೆರಗಾದನು. 20ರಂದು ಒಳನಾಡಿನ ಬಿಸಿಗಾಳಿಯಲ್ಲಿ ಬೆಂದು ಬ್ಯಾಥರ್ಸ್ಟ್ ಸೇರಿದನು. ಅವನು ನಡೆದ ಹಾದಿ ಇಂದು ಅವನ ಹೆಸರಿನ ಕಾಲುದಾರಿಯಾಗಿದೆ. 1867ರಲ್ಲಿ ರೈಲು ಬಂದ ಮೇಲೆ ಸಿಡ್ನಿಯ ಸಾಮಾನ್ಯ ಜನರಿಗೂ ಈ ಜಲಪಾತ ಎಟುಕಿತು.

ಆದರೆ ಆ ನೆಲ ಬರಿದಾಗಿರಲಿಲ್ಲ. ಮೆಕ್ವಾರಿ ನದಿಯನ್ನು ವಾಂಬೂಲ್ ಎಂದು ಕರೆಯುವ ವಿರಾಜುರಿ ಜನರ ಬೇಟೆಯ ನೆಲವನ್ನು ಕುರಿ, ದನಗಳು ಆಕ್ರಮಿಸಿದವು. ವಿಂಡ್ರಡೈನ್ ಎಂಬ ನಾಯಕ ಎದುರು ನಿಂತನು. 1824ರ ಆಗಸ್ಟ್ 14ರಂದು ಗವರ್ನರ್ ಬ್ರಿಸ್ಬೇನ್ ಸೇನಾ ಶಾಸನವನ್ನು ಹೇರಿದನು. ಡಿಸೆಂಬರ್ 11ರಂದು ಅದು ತೆರವಾಗುವಷ್ಟರಲ್ಲಿ ವಿರಾಜುರಿಗಳು ಅನೇಕರು ಹತರಾಗಿದ್ದರು. ಅದೇ ಡಿಸೆಂಬರಿನಲ್ಲಿ ವಿಂಡ್ರಡೈನ್ ತನ್ನವರೊಡನೆ ಪರ್ವತ ದಾಟಿ ಪ್ಯಾರಮಾಟಕ್ಕೆ ನಡೆದು ಬಂದು ಸಂಧಿ ಬಯಸಿದನು.

ಮೆಲ್ಬರ್ನಿನ ಕಡೆಯ ಕಥೆಯೂ ಬೇರೆಯಲ್ಲ. 1851ರಲ್ಲಿ ಚಿನ್ನ ದೊರೆತ ಬಲರಾಟ್, 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುವ ಊರು. ಅಲ್ಲಿಗೆ ಸಮೀಪದ ಲಾಲ್ ಲಾಲ್ ಜಲಪಾತವು ಸೃಷ್ಟಿಕರ್ತನಾದ ಬಂಜಿಲನ ನೆಲೆಯೆಂದು ಮೂಲನಿವಾಸಿಗಳ ನಂಬಿಕೆ. ತಲಕಾವೇರಿಯನ್ನು ಪೂಜಿಸುವ ನಮಗೆ ಈ ಭಾವವನ್ನು ವಿವರಿಸಿ ಹೇಳಬೇಕಾಗಿಲ್ಲ.

ಶ್ರೀರಂಗಪಟ್ಟಣದ ಪತನವನ್ನು ನಾವು ಸೋತವರ ಕಡೆಯಿಂದ ಓದಿ ಬೆಳೆದವರು. ಬ್ಯಾಥರ್ಸ್ಟ್‌ನಲ್ಲಿ ಮಾತ್ರ ಗೆದ್ದವರ ಫಲಕವನ್ನಷ್ಟೇ ಓದಿ ಹಿಂದಿರುಗುವುದು ನ್ಯಾಯವಲ್ಲ. ನಮ್ಮ ಮಕ್ಕಳು ಈ ನೆಲದ ಮಕ್ಕಳು. ಅವರಿಗೆ ಟಿಪ್ಪುವಿನ ಹೆಸರಿನೊಡನೆ ವಿಂಡ್ರಡೈನನ ಹೆಸರೂ, ಕಾವೇರಿಯೊಡನೆ ವಾಂಬೂಲ್ ನದಿಯ ಹೆಸರೂ ತಿಳಿದಿರಲಿ. ಮುಂದಿನ ಬೇಸಿಗೆಯಲ್ಲಿ ಊಟಕ್ಕೆ ಎಲೆ ಹಾಕುವ ಮುನ್ನ, ಹಿರಿಯರೊಬ್ಬರು ಐದು ನಿಮಿಷ ಈ ಕಥೆಯನ್ನು ಹೇಳಲಿ ಎಂದು ವಿನಂತಿಸುತ್ತೇನೆ.